ಮಣ್ಣಿನ ಬಣ್ಣ, ಮುಖ ತಿದ್ದದ ಮನುಷ್ಯರು: ಸರಳ ಆಕೃತಿಗಳ ನಿಸರ್ಗಚಿತ್ರವನ್ನು ನೋಡುವುದು ಹೇಗೆ

2023ರ ಸೆಪ್ಟೆಂಬರ್‌ನಲ್ಲಿ ಅಮೃತಾ ಶೇರ್‌ಗಿಲ್ ಅವರು 1937ರಲ್ಲಿ ಬರೆದ ‘ದಿ ಸ್ಟೋರಿ ಟೆಲ್ಲರ್’ ಎಂಬ ತೈಲವರ್ಣದ ಚಿತ್ರ ಹರಾಜಿನಲ್ಲಿ 61.8 ಕೋಟಿ ರೂಪಾಯಿಗೆ ಮಾರಾಟವಾಯಿತು. ಒಂದೂವರೆ ವರ್ಷದ ಬಳಿಕ, 2025ರ ಮಾರ್ಚ್‌ನಲ್ಲಿ, ಎಂ.ಎಫ್. ಹುಸೇನ್ ಅವರ 1954ರ ‘ಗ್ರಾಮ ಯಾತ್ರೆ’ ನ್ಯೂಯಾರ್ಕಿನ ಹರಾಜಿನಲ್ಲಿ ಸುಮಾರು 118 ಕೋಟಿ ರೂಪಾಯಿಗೆ ಹೋಯಿತು. ಎರಡೂ ಸಲ ಪತ್ರಿಕೆಗಳಲ್ಲಿ ಚಿತ್ರದ ಜೊತೆಗೆ ಬೆಲೆಯೂ ಅಚ್ಚಾದದ್ದರಿಂದ, ಚಿತ್ರಕಲೆಯ ಗೊಡವೆಗೆ ಹೋಗದವರೂ ಆ ಚಿತ್ರಗಳನ್ನು ಒಮ್ಮೆ ದಿಟ್ಟಿಸಿ ನೋಡಿದರು. ನೋಡಿದ ಹಲವರಿಗೆ ಒಂದೇ ಸಂಶಯ ಬಂದಿರಲಿಕ್ಕೂ ಸಾಕು: ಇವರ ಕಣ್ಣು ಮೂಗು ಸರಿಯಾಗಿ ತಿದ್ದಿಲ್ಲ, ಬಟ್ಟೆಯ ಮಡಿಕೆಗಳಿಲ್ಲ, ಬಣ್ಣವೆಂದರೆ ಬರೀ ಕಂದು, ಕೆಂಪು, ಹಳದಿ, ಇದರಲ್ಲಿ ನೋಡಬೇಕಾದದ್ದು ಏನು?

ಬೆಲೆಯ ಲೆಕ್ಕವೇ ಬೇರೆ. ಶೇರ್‌ಗಿಲ್ ಅವರು ಬದುಕಿದ್ದು 28 ವರ್ಷ ಮಾತ್ರ. ಅವರ ಕೃತಿಗಳನ್ನು ಕಲಾಸಂಪತ್ತೆಂದು ಘೋಷಿಸಿರುವುದರಿಂದ ಅವು ದೇಶದ ಹೊರಗೆ ಹೋಗುವಂತಿಲ್ಲ, ಮಾರಾಟಕ್ಕೆ ಬರುವುದೂ ತೀರ ಅಪರೂಪ. ಅಪರೂಪದ್ದಕ್ಕೆ ಬೆಲೆ ಏರುವುದು ಸಹಜ. ಈ ಲೇಖನದ ವಿಷಯ ಮಾತ್ರ ಮೇಲಿನ ಸಂಶಯ. ಮಣ್ಣಿನ ಬಣ್ಣಗಳನ್ನಷ್ಟೇ ಇಟ್ಟುಕೊಂಡು, ಮನುಷ್ಯರ ಆಕೃತಿಗಳನ್ನು ಸರಳಗೊಳಿಸಿ, ಅವರನ್ನು ಒಂದು ನೆಲದ ಮೇಲೆ ನಿಲ್ಲಿಸುವ ಚಿತ್ರಕ್ರಮ ಹೇಗೆ ಕೆಲಸ ಮಾಡುತ್ತದೆ, ಅದರಲ್ಲಿ ಬಣ್ಣದ ಮಿತಿಗೂ ಆಕೃತಿಯ ಸರಳತೆಗೂ ಇರುವ ನಂಟೇನು ಎಂಬುದನ್ನು ಮೊದಲಿನಿಂದ ನೋಡೋಣ.

ಮಣ್ಣಿನ ಬಣ್ಣ ಎಂದರೆ ಯಾವುದು

ಚಿತ್ರಕಾರರು ಮಣ್ಣಿನ ಬಣ್ಣಗಳೆಂದು ಕರೆಯುವುದು ನೆಲದಿಂದಲೇ ಅಗೆದು, ತೊಳೆದು, ಅರೆದು ತೆಗೆದ ಬಣ್ಣದ ಪುಡಿಗಳನ್ನು. ಇವುಗಳ ಬಣ್ಣಕ್ಕೆ ಮುಖ್ಯ ಕಾರಣ ಕಬ್ಬಿಣ. ಮಣ್ಣಿನಲ್ಲಿರುವ ಕಬ್ಬಿಣದ ಆಕ್ಸೈಡು ನೀರಿನ ಅಂಶವನ್ನು ಹಿಡಿದುಕೊಂಡಿದ್ದರೆ ಹಳದಿಯಾಗಿ ಕಾಣುತ್ತದೆ; ಬಣ್ಣದ ಅಂಗಡಿಯಲ್ಲಿ ಯೆಲ್ಲೋ ಓಕರ್ ಎಂಬ ಹೆಸರಿನಲ್ಲಿ ಸಿಗುವುದು ಇದೇ. ಆ ನೀರಿನ ಅಂಶ ಹೋದ ಆಕ್ಸೈಡು ಕೆಂಪಾಗುತ್ತದೆ, ಅದು ನಾವು ಬಲ್ಲ ಕೆಮ್ಮಣ್ಣು. ಹಳದಿ ಮಣ್ಣನ್ನು ಕಾಯಿಸಿದರೆ ಕೆಂಪಾಗುವುದು ಇದರಿಂದಲೇ: ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ನೀರು ಬಿಟ್ಟುಹೋಗಿ ಹಳದಿ ಖನಿಜ ಕೆಂಪು ಖನಿಜವಾಗಿ ಬದಲಾಗುತ್ತದೆ. ಇಟ್ಟಿಗೆ, ಹಂಚುಗಳ ಕೆಂಪು ಬಣ್ಣದ ಮೂಲವೂ ಸುಟ್ಟ ಮಣ್ಣಿನೊಳಗಿನ ಇದೇ ಕಬ್ಬಿಣದ ಆಕ್ಸೈಡು. ಬಣ್ಣದ ಟ್ಯೂಬಿನ ಮೇಲೆ ‘ಬರ್ನ್ಟ್’ ಎಂದಿದ್ದರೆ ಸುಟ್ಟದ್ದು, ‘ರಾ’ ಎಂದಿದ್ದರೆ ಸುಡದೆ ಹಾಗೆಯೇ ಅರೆದದ್ದು ಎಂದರ್ಥ.

ಕಬ್ಬಿಣದ ಜೊತೆಗೆ ಮ್ಯಾಂಗನೀಸ್ ಸೇರಿದರೆ ಬಣ್ಣ ಕಂದಿನ ಕಡೆಗೆ ಹೊರಳುತ್ತದೆ. ಮ್ಯಾಂಗನೀಸ್ ಸ್ವಲ್ಪವೇ ಇರುವ ಮಣ್ಣು ಸಿಯೆನ್ನಾ. ಇಟಲಿಯ ಸಿಯೆನಾ ಊರಿನಿಂದ ಅದಕ್ಕೆ ಆ ಹೆಸರು. ಹೆಚ್ಚು ಇರುವುದು ಅಂಬರ್, ಇದು ಕಪ್ಪು ಮಿಶ್ರಿತ ಕಂದು. ಮ್ಯಾಂಗನೀಸಿಗೆ ಎಣ್ಣೆಯನ್ನು ಬೇಗ ಒಣಗಿಸುವ ಗುಣವೂ ಇದೆ. ತೈಲವರ್ಣದವರು ಚಿತ್ರದ ಮೊದಲ ಪದರವನ್ನು ಅಂಬರ್‌ನಲ್ಲಿ ಹಚ್ಚಿ, ಅದು ಬೇಗ ಒಣಗಿದ ಮೇಲೆ ಮುಂದಿನ ಕೆಲಸಕ್ಕೆ ತೊಡಗುವುದು ಹಳೆಯ ರೂಢಿ. ಇವುಗಳಲ್ಲದೆ ಕೆಲವು ಜೇಡಿ ಖನಿಜಗಳಿಂದ ಸಿಗುವ ಮಂಕು ಹಸಿರು ಮಣ್ಣೊಂದಿದೆ. ಸುಣ್ಣ ಅಥವಾ ಬಿಳಿ ಜೇಡಿಯ ಬಿಳಿ ಮತ್ತು ದೀಪದ ಮಸಿಯ ಕಪ್ಪು ಸೇರಿದರೆ ಪಟ್ಟಿ ಬಹುಮಟ್ಟಿಗೆ ಮುಗಿಯಿತು.

ಈ ಬಣ್ಣಗಳ ದೊಡ್ಡ ಗುಣ ಬಾಳಿಕೆ. ಗಿಡಮೂಲದ ಅನೇಕ ಬಣ್ಣಗಳು ಬಿಸಿಲಿಗೆ ಮಾಸುತ್ತವೆ. ಕಬ್ಬಿಣದ ಆಕ್ಸೈಡು ಗಾಳಿ ಬೆಳಕುಗಳಲ್ಲಿ ಇನ್ನೇನೂ ಬದಲಾಗಲಾರದ ಹಂತಕ್ಕೆ ಆಗಲೇ ಮುಟ್ಟಿರುವುದರಿಂದ ಸಾವಿರಾರು ವರ್ಷ ಹಾಗೆಯೇ ಉಳಿಯುತ್ತದೆ. ಬಂಡೆಗಳ ಮೇಲೆ ಆದಿಮಾನವರು ಬರೆದ ಚಿತ್ರಗಳಲ್ಲಿ ಇಂದಿಗೂ ಕಾಣುವುದು ಹೆಚ್ಚಾಗಿ ಕೆಮ್ಮಣ್ಣಿನ ಬಣ್ಣವೇ ಆಗಿರುವುದಕ್ಕೆ ಇದೊಂದು ಕಾರಣ.

ಕೆಲವೇ ಬಣ್ಣಗಳಲ್ಲಿ ನೀಲಿಯೂ ಹಸಿರೂ ಎಲ್ಲಿಂದ ಬರುತ್ತವೆ

ಹಳದಿ ಮಣ್ಣು, ಕೆಮ್ಮಣ್ಣು, ಕಂದು, ಕಪ್ಪು, ಬಿಳಿ ಇಷ್ಟೇ ಇದ್ದರೆ ಆಕಾಶವನ್ನು ಹೇಗೆ ಬರೆಯುವುದು, ಹುಲ್ಲನ್ನು ಹೇಗೆ ಬರೆಯುವುದು? ಇದಕ್ಕೆ ಉತ್ತರ ಸಿಗುವುದು ಬಣ್ಣದ ತಟ್ಟೆಯಲ್ಲಿಯೇ. ಹಳದಿ ಮಣ್ಣಿಗೆ ಕಪ್ಪನ್ನು ತುಸುತುಸುವೇ ಬೆರೆಸುತ್ತಾ ಹೋದರೆ ಅದು ಕಂದಾಗುವ ಬದಲು ಮಂಕಾದ ಎಲೆಹಸಿರಿಗೆ ತಿರುಗುತ್ತದೆ. ಕಪ್ಪಿಗೆ ಬಿಳಿ ಬೆರೆಸಿ ಮಾಡಿದ ಬೂದುಬಣ್ಣವನ್ನು ಒಂದು ಕಾಗದದ ಮೇಲೆ ಹಚ್ಚಿ, ಅದರ ಸುತ್ತ ಸುಟ್ಟ ಸಿಯೆನ್ನಾದ ಕಿತ್ತಳೆಗಂದು ಬಣ್ಣವನ್ನು ಬಳಿದರೆ, ನಡುವಿನ ಬೂದು ನೀಲಿಯ ಛಾಯೆ ಪಡೆಯುತ್ತದೆ. ಸುತ್ತಲಿನ ಬಣ್ಣವನ್ನು ಕೈಯಿಂದ ಮುಚ್ಚಿದರೆ ಅದು ಮತ್ತೆ ಬೂದಾಗುತ್ತದೆ.

ಇದು ಬಣ್ಣದಲ್ಲಿ ಆಗುವ ಬದಲಾವಣೆಯಾಗಿರದೆ ಕಣ್ಣಿನ ಸ್ವಭಾವದಿಂದ ಆಗುವಂಥದ್ದು. ಪ್ಯಾರಿಸ್ಸಿನಲ್ಲಿ ಚಿತ್ರಗಂಬಳಿಗಳನ್ನು ನೇಯುವ ಗೊಬೆಲಿನ್ ಕಾರ್ಖಾನೆಯ ಬಣ್ಣಗಾರಿಕೆಯ ಹೊಣೆ ಹೊತ್ತಿದ್ದ ರಸಾಯನವಿಜ್ಞಾನಿ ಮಿಶೆಲ್ ಷೆವ್ರಲ್, ಕಪ್ಪು ನೂಲು ಸಪ್ಪೆಯಾಗಿದೆ ಎಂಬ ದೂರನ್ನು ಪರಿಶೀಲಿಸಹೊರಟಾಗ, ನೂಲಿನ ಬಣ್ಣದಲ್ಲಿ ದೋಷವಿಲ್ಲ, ಅದರ ಪಕ್ಕದ ನೂಲಿನ ಬಣ್ಣವೇ ಅದನ್ನು ಹಾಗೆ ಕಾಣಿಸುತ್ತಿದೆ ಎಂಬುದನ್ನು ಕಂಡುಕೊಂಡರು. ಅವರು ಇದನ್ನು 1839ರಲ್ಲಿ ವಿವರವಾಗಿ ಪ್ರಕಟಿಸಿದರು. ಯಾವ ಬಣ್ಣವೂ ಒಂಟಿಯಾಗಿ ಕಾಣುವುದಿಲ್ಲ. ಪಕ್ಕದ ಬಣ್ಣ ಅದನ್ನು ತನ್ನ ವಿರುದ್ಧದ ಕಡೆಗೆ ತಳ್ಳುತ್ತದೆ. ಇಡೀ ಚಿತ್ರವೇ ಬೆಚ್ಚಗಿನ ಕೆಂಪು ಹಳದಿಗಳಲ್ಲಿದ್ದಾಗ, ಅದರ ನಡುವಿನ ಬರಿಯ ಬೂದು ತಂಪಾದ ಆಕಾಶವಾಗಿಬಿಡುತ್ತದೆ.

ಮೋಹನ ರಾಗಕ್ಕೆ ಐದೇ ಸ್ವರ. ಆ ಐದರಲ್ಲಿಯೇ ಗಂಟೆಗಟ್ಟಲೆ ಹಾಡಿದರೂ ಕೇಳುವವರಿಗೆ ಮಧ್ಯಮವಾಗಲಿ ನಿಷಾದವಾಗಲಿ ಇಲ್ಲವೆಂಬ ಕೊರತೆ ತೋರುವುದಿಲ್ಲ, ಏಕೆಂದರೆ ಕಿವಿ ಆ ಐದರ ನಡುವಿನ ಅಂತರಗಳಿಗೆ ಹೊಂದಿಕೊಂಡಿರುತ್ತದೆ. ಬಣ್ಣಗಳ ಮಿತಿಯೂ ಕಣ್ಣಿನ ಮೇಲೆ ಹೀಗೆಯೇ ಕೆಲಸ ಮಾಡುತ್ತದೆ. ಸ್ವೀಡನ್ನಿನ ಆಂಡರ್ಸ್ ಜೋರ್ನ್ ಹಳದಿ ಮಣ್ಣು, ಹಿಂಗುಲದ ಕೆಂಪು, ಕಪ್ಪು, ಬಿಳಿ ಎಂಬ ನಾಲ್ಕೇ ಬಣ್ಣಗಳಲ್ಲಿ ಬರೆದ ಚಿತ್ರಗಳಿಂದ ಹೆಸರಾದವರು. ಕಲಾಶಾಲೆಗಳಲ್ಲಿ ಇಂದಿಗೂ ವಿದ್ಯಾರ್ಥಿಗಳಿಗೆ ಅವರ ಹೆಸರಿನ ಬಣ್ಣದ ತಟ್ಟೆಯಲ್ಲಿ ಅಭ್ಯಾಸ ಮಾಡಿಸುವುದುಂಟು.

ಆಕೃತಿಯನ್ನು ಸರಳಗೊಳಿಸುವುದು

ಸರಳ ಆಕೃತಿ ಎಂದೊಡನೆ ಬರೆಯಲು ಸುಲಭವಾದದ್ದು ಎಂಬ ಭಾವನೆ ಬರುತ್ತದೆ. ನಡೆಯುವುದು ಬೇರೆಯೇ. ಹೊಲದಲ್ಲಿ ದೂರದಲ್ಲಿ ನಿಂತ ವ್ಯಕ್ತಿಯನ್ನು ನೆನಪಿಸಿಕೊಳ್ಳಿ. ಅವರ ಮುಖ ಕಾಣದಿದ್ದರೂ ಅವರು ಯಾರೆಂದು ನಮಗೆ ಗೊತ್ತಾಗುತ್ತದೆ: ನಿಂತ ಭಂಗಿ, ಹೆಗಲು ಇಳಿಬಿದ್ದ ಬಗೆ, ತಲೆಯ ಮೇಲಿನ ಹೊರೆ, ಯಾವ ಕಾಲಿನ ಮೇಲೆ ಭಾರ ಬಿಟ್ಟಿದ್ದಾರೆ ಎಂಬುದು. ವಯಸ್ಸು, ದಣಿವು, ಅವಸರ ಎಲ್ಲವನ್ನೂ ದೇಹದ ಹೊರರೇಖೆಯೇ ಹೇಳುತ್ತದೆ. ಆಕೃತಿಯನ್ನು ಸರಳಗೊಳಿಸುವ ಚಿತ್ರಕಾರರು ಈ ಹೊರರೇಖೆಯನ್ನೂ ಅದರೊಳಗಿನ ಭಾರವನ್ನೂ ಉಳಿಸಿಕೊಂಡು ಮಿಕ್ಕದ್ದನ್ನು ಬಿಡುತ್ತಾರೆ. ರೇಖೆ ತಪ್ಪಿದರೆ ಅದನ್ನು ಮುಚ್ಚಿಡಲು ಸೀರೆಯ ಅಂಚಿಲ್ಲ, ಒಡವೆಯಿಲ್ಲ, ಮುಖದ ನಗುವಿಲ್ಲ. ಆದ್ದರಿಂದ ಇಲ್ಲಿ ತಪ್ಪು ಎದ್ದು ಕಾಣುತ್ತದೆ.

ಫ್ರಾನ್ಸಿನ ಜಾನ್ ಫ್ರಾನ್ಸ್ವಾ ಮಿಲೆ 1857ರಲ್ಲಿ ಬರೆದ, ಈಗ ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದಲ್ಲಿರುವ ‘ತೆನೆ ಆಯುವವರು’ ಎಂಬ ಚಿತ್ರ ಇದಕ್ಕೆ ಒಳ್ಳೆಯ ಉದಾಹರಣೆ. ಕುಯಿಲು ಮುಗಿದ ಹೊಲದಲ್ಲಿ ಉಳಿದ ತೆನೆಗಳನ್ನು ಮೂವರು ಬಡ ಹೆಂಗಸರು ಆಯುತ್ತಿದ್ದಾರೆ. ಮೂವರ ಮುಖವೂ ನೆರಳಿನಲ್ಲಿ ಮರೆಯಾಗಿದೆ. ಇಬ್ಬರು ಪೂರ್ತಿ ಬಾಗಿದ್ದಾರೆ, ಮೂರನೆಯವಳು ಅರೆಬಾಗಿದ್ದಾಳೆ. ಬಾಗುವುದು, ಆಯುವುದು, ಮತ್ತೆ ಏಳಲು ಹೊರಡುವುದು ಎಂಬ ಒಂದೇ ಕೆಲಸದ ಮೂರು ಘಟ್ಟಗಳಂತೆ ಅವು ಓದಿಸಿಕೊಳ್ಳುತ್ತವೆ. ಮಿಲೆ ಅವರು ಬೆನ್ನುಗಳನ್ನು ಒಂದೊಂದು ದೊಡ್ಡ ಮುದ್ದೆಯಾಗಿ ಬರೆದಿದ್ದಾರೆ, ಬಟ್ಟೆಯ ಸಣ್ಣ ಸುಕ್ಕುಗಳಿಗೆ ಹೋಗಿಲ್ಲ. ಹಿಂದೆ ದೂರದಲ್ಲಿ ಬಣವೆಗಳು, ಗಾಡಿ, ತುಂಬಿದ ಸುಗ್ಗಿ, ಎಲ್ಲವೂ ಬೆಳಕಿನ ಧೂಳಿನಲ್ಲಿ ತೆಳ್ಳಗೆ ಕಾಣುತ್ತವೆ. ಹೊಲದ ಮಣ್ಣಿನ ಬಣ್ಣವೇ ಹೆಂಗಸರ ಬಟ್ಟೆಗೂ ಕೈಗಳಿಗೂ ಹರಿದಿದೆ. ತಲೆಬಟ್ಟೆಗಳಲ್ಲಿ ಮಾತ್ರ ಬಣ್ಣದ ತುಣುಕುಗಳು.

ಬಣ್ಣದ ಮಿತಿಗೂ ಆಕೃತಿಯ ಸರಳತೆಗೂ ಇರುವ ನಂಟು ಇಲ್ಲಿ ಗೋಚರವಾಗುತ್ತದೆ. ಬಣ್ಣಗಳು ಹತ್ತಿರಹತ್ತಿರದವಾದಾಗ ಒಂದು ವಸ್ತುವನ್ನು ಇನ್ನೊಂದರಿಂದ ಬೇರ್ಪಡಿಸಲು ಬಣ್ಣವನ್ನು ನಂಬುವಂತಿಲ್ಲ. ಕೆಂಪು ಸೀರೆ ಹಸಿರು ಗದ್ದೆಯಲ್ಲಿ ತಾನಾಗಿಯೇ ಎದ್ದು ಕಾಣುತ್ತದೆ, ಆದರೆ ಕಂದು ಮೈ ಕಂದು ನೆಲದ ಮೇಲೆ ಕಾಣಬೇಕಾದರೆ ಚಿತ್ರಕಾರರು ಗಾಢತೆಯ ಅಂತರದಿಂದ, ಅಂದರೆ ಯಾವುದು ಎಷ್ಟು ಕಪ್ಪಿನ ಕಡೆಗಿದೆ ಎಷ್ಟು ಬಿಳಿಯ ಕಡೆಗಿದೆ ಎಂಬುದರಿಂದ, ಅದನ್ನು ಸಾಧಿಸಬೇಕು. ಗಾಢತೆಯ ಅಂತರ ಸ್ಪಷ್ಟವಾಗಿ ಓದಿಸಿಕೊಳ್ಳಬೇಕಾದರೆ ಆಕೃತಿಗಳು ದೊಡ್ಡವಾಗಿ, ಬಿಡಿಯಾಗಿ, ಒಳಗೆ ಗೊಂದಲವಿಲ್ಲದೆ ಇರಬೇಕು. ಮಣ್ಣಿನ ಬಣ್ಣವೇ ಸರಳ ಆಕೃತಿಯನ್ನು ಬೇಡುತ್ತದೆ. ಇನ್ನೊಂದು ಕಡೆಯಿಂದ, ಮನುಷ್ಯ ಮತ್ತು ನೆಲ ಒಂದೇ ಬಣ್ಣದ ಪುಡಿಯಿಂದ ಆದವರಾದ್ದರಿಂದ, ಆಕೃತಿಯನ್ನು ಎಷ್ಟೇ ಸರಳಗೊಳಿಸಿದರೂ ಅದು ಕತ್ತರಿಸಿ ಅಂಟಿಸಿದಂತೆ ತೋರದೆ ಆ ನೆಲದ್ದೇ ಆಗಿ ಉಳಿಯುತ್ತದೆ.

ದಿಗಂತದ ರೇಖೆ ಎಲ್ಲಿರಬೇಕು

ನಿಸರ್ಗಚಿತ್ರದಲ್ಲಿ ಜನರನ್ನು ನಿಲ್ಲಿಸುವಾಗ ಹೊಸಬರು ಎಡವುವುದು ಸಾಮಾನ್ಯವಾಗಿ ಅಳತೆಯಲ್ಲಿ. ಇದಕ್ಕೊಂದು ಸರಳ ನಿಯಮವಿದೆ. ಸಮತಟ್ಟಾದ ನೆಲದ ಮೇಲೆ ನಿಂತು ನೋಡುವವರಿಗೆ ದಿಗಂತ ಯಾವಾಗಲೂ ತಮ್ಮ ಕಣ್ಣಿನ ಎತ್ತರದಲ್ಲಿಯೇ ಕಾಣುತ್ತದೆ. ಆದ್ದರಿಂದ ಅದೇ ನೆಲದ ಮೇಲೆ ನಿಂತ, ಸರಿಸುಮಾರು ಅಷ್ಟೇ ಎತ್ತರದ ಎಲ್ಲರ ಕಣ್ಣುಗಳೂ, ಅವರು ಹತ್ತು ಮಾರು ದೂರದಲ್ಲಿರಲಿ ನೂರು ಮಾರು ದೂರದಲ್ಲಿರಲಿ, ದಿಗಂತದ ರೇಖೆಯ ಮೇಲೆಯೇ ಬೀಳುತ್ತವೆ. ದೂರ ಹೋದಂತೆ ಪಾದಗಳು ಮೇಲಕ್ಕೇರುತ್ತವೆ, ತಲೆ ಮಾತ್ರ ಅಲ್ಲೇ ಇರುತ್ತದೆ. ಜಾತ್ರೆಯ ಮೈದಾನದ ಒಂದು ಫೋಟೋ ತೆಗೆದು ನೋಡಿದರೆ ಇದು ಕಣ್ಣಿಗೆ ಬೀಳುತ್ತದೆ. ನೋಡುವವರು ಕುಳಿತುಬಿಟ್ಟರೆ ದಿಗಂತ ಕೆಳಗಿಳಿದು, ನಿಂತವರು ಅದರ ಮೇಲೆ ತಲೆಯೆತ್ತಿ ಗಂಭೀರವಾಗಿ ಕಾಣುತ್ತಾರೆ. ದಿಬ್ಬ ಹತ್ತಿದರೆ ದಿಗಂತ ಮೇಲೇರಿ, ಜನರೆಲ್ಲ ನೆಲದೊಳಗೇ ಅಡಗುತ್ತಾರೆ.

ಮಿಲೆ ಅವರ ಚಿತ್ರದಲ್ಲಿ ಬಾಗಿದ ಬೆನ್ನುಗಳು ಬಹುಮಟ್ಟಿಗೆ ದಿಗಂತದ ಕೆಳಗೇ ಉಳಿದಿರುವುದರಿಂದ, ಆ ಹೆಂಗಸರಿಗೆ ಆಕಾಶದಲ್ಲಿ ಪಾಲಿಲ್ಲವೇನೋ ಎಂಬಂತಾಗಿದೆ. ಹಿಮಾಲಯದ ತಪ್ಪಲಿನ ನಮ್ಮ ಪಹಾಡಿ, ಬಸೋಹ್ಲಿ ಕಿರುಚಿತ್ರಗಳ ಸಂಪ್ರದಾಯ ಇನ್ನೂ ಮುಂದೆ ಹೋಗಿ ದಿಗಂತವನ್ನು ಚಿತ್ರದ ತುದಿಯವರೆಗೆ ಏರಿಸುತ್ತದೆ. ಆಗ ನೆಲ ಒಂದು ಗೋಡೆಯ ಹಾಗೆ ನೇರವಾಗಿ ನಿಲ್ಲುತ್ತದೆ, ಜನ ಅದರ ಮೇಲೆ ಒಬ್ಬರ ಮೇಲೊಬ್ಬರಾಗಿ ಹರಡಿಕೊಳ್ಳುತ್ತಾರೆ, ದೂರದವರನ್ನು ಚಿಕ್ಕದಾಗಿ ಬರೆಯಲೇಬೇಕೆಂಬ ಕಟ್ಟುಪಾಡು ಸಡಿಲವಾಗುತ್ತದೆ. ಶೇರ್‌ಗಿಲ್ ಅವರ 1938ರ ನಂತರದ ಚಿತ್ರಗಳಲ್ಲಿ ಈ ಎರಡನೆಯ ಬಗೆಯ ನೆಲ ಹೆಚ್ಚು ಕಾಣುತ್ತದೆ.

1936ರ ಅಜಂತಾ, 1937ರ ಮೂರು ಚಿತ್ರಗಳು

ಅಮೃತಾ ಶೇರ್‌ಗಿಲ್ ಹುಟ್ಟಿದ್ದು 1913ರಲ್ಲಿ ಬುಡಾಪೆಸ್ಟಿನಲ್ಲಿ. ತಂದೆ ಪಂಜಾಬಿನ ಸಿಖ್ ಮನೆತನದವರು, ತಾಯಿ ಹಂಗೇರಿಯವರು. ಹದಿನಾರನೆಯ ವಯಸ್ಸಿನಲ್ಲಿ ಪ್ಯಾರಿಸ್ಸಿಗೆ ಹೋಗಿ, ಅಲ್ಲಿನ ಎಕೋಲ್ ದೆ ಬೋಜಾರ್ ಕಲಾಶಾಲೆಯಲ್ಲಿ ಲೂಸಿಯೆನ್ ಸೀಮಾನ್ ಅವರ ಬಳಿ ಕಲಿತರು. ಅಲ್ಲಿ ಅವರು ಪಡೆದದ್ದು ಎದುರಿಗೆ ಕುಳಿತ ವ್ಯಕ್ತಿಯನ್ನು ನೆರಳು ಬೆಳಕಿನಲ್ಲಿ ಉಬ್ಬುತಗ್ಗುಗಳೊಂದಿಗೆ ಬರೆಯುವ ಗಟ್ಟಿ ತರಬೇತಿ. 1932ರ ‘ಯಂಗ್ ಗರ್ಲ್ಸ್’ ಚಿತ್ರಕ್ಕೆ ಚಿನ್ನದ ಪದಕ ಬಂತು, ಮರುವರ್ಷ ಅವರು ಸಲೋನ್ ಎಂಬ ಪ್ಯಾರಿಸ್ಸಿನ ಹೆಸರಾಂತ ಕಲಾಪ್ರದರ್ಶನದ ಸಹಸದಸ್ಯರಾದರು. 1934ರಲ್ಲಿ ಭಾರತಕ್ಕೆ ಮರಳಲು ನಿರ್ಧರಿಸಿದಾಗ, ಅಜಂತಾದ ಒಂದು ಭಿತ್ತಿಚಿತ್ರ ಇಡೀ ಯುರೋಪಿನ ಪುನರುಜ್ಜೀವನ ಕಲೆಗಿಂತ ಹೆಚ್ಚಿನದು ಎಂಬ ಅರ್ಥದ ಮಾತನ್ನು ತಂದೆತಾಯಿಗೆ ಪತ್ರದಲ್ಲಿ ಬರೆದರು. ಅಜಂತಾವನ್ನು ಕಣ್ಣಾರೆ ಕಾಣುವುದಕ್ಕೆ ಇನ್ನೂ ಎರಡು ವರ್ಷ ಇತ್ತು ಎಂಬುದು ಇಲ್ಲಿನ ಸ್ವಾರಸ್ಯ.

ಶಿಮ್ಲಾದಲ್ಲಿ 1935ರಲ್ಲಿ ಬರೆದ ‘ಹಿಲ್ ಮೆನ್’ ಮತ್ತು ‘ಹಿಲ್ ವಿಮೆನ್’ ಚಿತ್ರಗಳಲ್ಲಿ ಬದಲಾವಣೆ ಆಗಲೇ ತೊಡಗಿದೆ. ಮೈತುಂಬ ಬಟ್ಟೆ ಹೊದ್ದ ಬೆಟ್ಟದ ಹೆಂಗಸರು ನೀಳವಾಗಿ, ಕಂಬಗಳ ಹಾಗೆ ನಿಂತಿದ್ದಾರೆ. ಅಂಚೆ ಇಲಾಖೆ 1978ರಲ್ಲಿ ಈ ಚಿತ್ರದ ಅಂಚೆಚೀಟಿಯನ್ನು ಹೊರತಂದಿದ್ದರಿಂದ ಅನೇಕರಿಗೆ ಇದು ಪರಿಚಿತ. ಆದರೂ ಇಲ್ಲಿ ಪ್ಯಾರಿಸ್ಸಿನ ಶಾಲೆಯ ನೆರಳು ಬೆಳಕು ಪೂರ್ತಿ ಬಿಟ್ಟುಹೋಗಿಲ್ಲ.

1936ರ ಕೊನೆಯಲ್ಲಿ ಅವರು ಅಜಂತಾ, ಎಲ್ಲೋರಗಳಿಗೆ ಹೋದರು. ಅಜಂತಾದ ಮುಖ್ಯ ಭಿತ್ತಿಚಿತ್ರಗಳು ಐದನೆಯ ಶತಮಾನದವು. ಬಂಡೆಯ ಮೇಲೆ ಹೊಟ್ಟು, ನಾರುಗಳನ್ನು ಕಲಸಿದ ಮಣ್ಣಿನ ಗಿಲಾವು ಮೆತ್ತಿ, ಅದರ ಮೇಲೆ ತೆಳುವಾದ ಬಿಳಿ ಪದರ ಕೊಟ್ಟು, ಒಣಗಿದ ಮೇಲೆ ಅಂಟು ಬೆರೆಸಿದ ಬಣ್ಣಗಳಿಂದ ಬರೆದವು ಅವು. ಬಣ್ಣಗಳು ಹೆಚ್ಚಾಗಿ ಮೇಲೆ ಹೇಳಿದವೇ: ಹಳದಿ ಮಣ್ಣು, ಕೆಮ್ಮಣ್ಣು, ಹಸಿರು ಮಣ್ಣು, ಬಿಳಿ, ಮಸಿ, ಕೆಲವೆಡೆ ಮಾತ್ರ ಹೊರನಾಡಿನಿಂದ ಬಂದ ನೀಲಿ ಕಲ್ಲಿನ ಪುಡಿ. ಮೊದಲು ರೇಖೆ, ಆಮೇಲೆ ಅದರೊಳಗೆ ಬಣ್ಣದ ತುಂಬುವಿಕೆ, ಮೈಯ ಅಂಚಿನಲ್ಲಿ ತುಸು ಗಾಢ, ಕೊನೆಗೆ ಮತ್ತೆ ರೇಖೆ. ಬೆಳಕು ಎಲ್ಲಿಂದ ಬೀಳುತ್ತಿದೆ ಎಂಬ ಪ್ರಶ್ನೆಯೇ ಅಲ್ಲಿಲ್ಲ. ಕಿಟಕಿಯ ಬೆಳಕಿನಲ್ಲಿ ಕುಳಿತವರನ್ನು ಬರೆದು ಕಲಿತ ಕೈಗೆ ಇದು ಹೊಸ ವ್ಯಾಕರಣ.

ಅಲ್ಲಿಂದ ದಕ್ಷಿಣಕ್ಕೆ ಬಂದ ಅವರು 1937ರ ಆರಂಭದಲ್ಲಿ ಕೊಚ್ಚಿ, ತಿರುವನಂತಪುರ, ಕನ್ಯಾಕುಮಾರಿಗಳನ್ನು ಕಂಡರು. ಕೊಚ್ಚಿಯ ಮಟ್ಟಾಂಚೇರಿ ಅರಮನೆಯ ಗೋಡೆಗಳಲ್ಲಿ ರಾಮಾಯಣದ ಭಿತ್ತಿಚಿತ್ರಗಳಿವೆ. ಅಲ್ಲಿ ಒಂದಿಂಚೂ ಖಾಲಿ ಬಿಡದೆ ಆಕೃತಿಗಳು ಒತ್ತೊತ್ತಾಗಿ ಕಿಕ್ಕಿರಿದಿವೆ, ಆದರೂ ಪ್ರತಿ ದೇಹವೂ ತನ್ನ ದುಂಡು ರೇಖೆಯಿಂದ ಬೇರೆಯಾಗಿ ನಿಲ್ಲುತ್ತದೆ. ಶೇರ್‌ಗಿಲ್ ಅಲ್ಲಿ ಕುಳಿತು ಅವುಗಳನ್ನು ನೋಡಿ ಬರೆದುಕೊಂಡರು. ಜೊತೆಗೆ ದಾರಿಯಲ್ಲಿ ಕಂಡ ಜನ: ಕಪ್ಪು ಮೈ, ಬಿಳಿ ಬಟ್ಟೆ, ಕೆಂಪು ನೆಲ.

ಶಿಮ್ಲಾಕ್ಕೆ ಮರಳಿ ಅದೇ ವರ್ಷ ಬರೆದ ಮೂರು ಚಿತ್ರಗಳನ್ನು ಒಟ್ಟಾಗಿ ದಕ್ಷಿಣ ಭಾರತದ ಚಿತ್ರತ್ರಯ ಎನ್ನುತ್ತಾರೆ: ‘ವಧುವಿನ ಸಿಂಗಾರ’, ‘ಬ್ರಹ್ಮಚಾರಿಗಳು’, ‘ಸಂತೆಗೆ ಹೊರಟ ದಕ್ಷಿಣ ಭಾರತದ ಹಳ್ಳಿಗರು’. ‘ಬ್ರಹ್ಮಚಾರಿಗಳು’ ಚಿತ್ರವನ್ನು ತುಸು ಹತ್ತಿರದಿಂದ ನೋಡಬಹುದು. ಬರಿಮೈಯ ಐವರು ಸಾಲಾಗಿ ಕುಳಿತಿದ್ದಾರೆ. ಹಿನ್ನೆಲೆ ಗಾಢವಾದದ್ದು, ಅದರಲ್ಲಿ ನೋಡಲು ಬೇರೆ ಏನನ್ನೂ ಇಟ್ಟಿಲ್ಲ. ಐವರ ಮೈಬಣ್ಣ ಒಂದೇ ತೆರನಾಗಿರದೆ ಬೇರೆಬೇರೆ ಕಂದುಗಳಲ್ಲಿದೆ. ಕೆಳಗೆ ಅವರ ಬಿಳಿ ಪಂಚೆಗಳು ಒಂದರ ಪಕ್ಕ ಒಂದು ಸೇರಿ, ಚಿತ್ರದ ಕೆಳಭಾಗದ ಉದ್ದಕ್ಕೂ ಒಂದು ಬೆಳಕಿನ ಪಟ್ಟಿಯಾಗಿವೆ. ಈ ಬಿಳಿಯೂ ಬರಿಯ ಬಿಳಿಯಾಗಿರದೆ, ಹಳದಿಗೆ ಹೊರಳಿದ್ದು, ಬೂದಿಗೆ ಹೊರಳಿದ್ದು ಎಂದು ಒಡೆದಿದೆ. ಮೇಲಿನ ಗಾಢ, ನಡುವಿನ ಕಂದು, ಕೆಳಗಿನ ಬಿಳಿ ಎಂಬ ಮೂರು ಗಾಢತೆಗಳ ಮೇಲೆ ಇಡೀ ಚಿತ್ರ ನಿಂತಿದೆ. ಕಣ್ಣುಗಳನ್ನು ಅರೆಮುಚ್ಚಿ ನೋಡಿದರೆ ಈ ಮೂರೇ ಉಳಿಯುತ್ತವೆ, ಆದರೂ ಚಿತ್ರ ಕೆಡುವುದಿಲ್ಲ.

ಮರುವರ್ಷದ ‘ಇನ್ ದಿ ಲೇಡೀಸ್ ಎನ್‌ಕ್ಲೋಶರ್’ ಚಿತ್ರ ಉತ್ತರ ಪ್ರದೇಶದ ಗೋರಖಪುರದ ಬಳಿಯ ಸರಾಯಾದ್ದು, ಅಲ್ಲಿ ಅವರ ಬಂಧುಗಳ ಜಮೀನಿತ್ತು. ಹೆಂಗಸೊಬ್ಬಳು ತರುಣಿಯೊಬ್ಬಳ ಕೂದಲು ಹೆಣೆಯುತ್ತಿದ್ದಾಳೆ, ಸುತ್ತ ಇನ್ನು ಕೆಲವರು, ಹಿಂದೆ ಚಪ್ಪಟೆಯಾಗಿ ಹರಡಿದ ಬಯಲು. ಇಲ್ಲಿ ಹಸಿರೂ ಹೊಳಪಿನ ಕೆಂಪೂ ಬಂದಿವೆ, ಅಂದರೆ ಅವರು ಮಣ್ಣಿನ ಬಣ್ಣಗಳಿಗೆ ವ್ರತ ತೊಟ್ಟವರಂತೆ ಅಂಟಿಕೊಳ್ಳಲಿಲ್ಲ. ಆದರೆ ಆಕೃತಿಯನ್ನು ಒಂದೇ ಬಣ್ಣದ ತುಂಬುವಿಕೆಯಾಗಿ ಕಾಣುವ, ಮುಖಕ್ಕೆ ದೇಹಕ್ಕಿಂತ ಹೆಚ್ಚಿನ ಮಾನ ಕೊಡದ ಕ್ರಮ ಗಟ್ಟಿಯಾಗಿ ಉಳಿಯಿತು. 1941ರ ಡಿಸೆಂಬರ್‌ನಲ್ಲಿ ಲಾಹೋರಿನಲ್ಲಿ ತೀರಿಕೊಂಡಾಗ ಅಪೂರ್ಣವಾಗಿ ಉಳಿದ ಚಿತ್ರದಲ್ಲಿ, ಅವರ ಮನೆಯಿಂದ ಕಾಣುತ್ತಿದ್ದ ಎಮ್ಮೆಗಳೂ ಕಟ್ಟಡಗಳೂ ಬಣ್ಣದ ತುಂಡುಗಳಾಗಿಬಿಟ್ಟಿವೆ.

ಇದೇ ಕಾಲದ ಇತರರು

ಬಂಗಾಳದ ಜಾಮಿನಿ ರಾಯ್ ಶೇರ್‌ಗಿಲ್ ಅವರಿಗಿಂತ 26 ವರ್ಷ ಹಿರಿಯರು, ಅವರು ಹಿಡಿದದ್ದು ಬೇರೆ ದಾರಿ. ತೈಲವರ್ಣವನ್ನೇ ಬಿಟ್ಟು, ಕಲ್ಲಿನ ಪುಡಿ, ಮಣ್ಣು, ಹುಣಸೆ ಬೀಜದ ಅಂಟು, ಮಸಿ, ಸೀಮೆಸುಣ್ಣಗಳಿಂದ ಬಣ್ಣ ಮಾಡಿಕೊಂಡು, ಬಹುಮಟ್ಟಿಗೆ ಏಳೇ ಬಣ್ಣಗಳಲ್ಲಿ ಬರೆದರು. ಆದರೆ ಅವರ ಸರಳ ಆಕೃತಿಗಳ ಹಿಂದೆ ನಿಸರ್ಗವಿಲ್ಲ. ಹಿನ್ನೆಲೆ ಒಂದು ಸಾದಾ ಬಣ್ಣ ಅಥವಾ ಅಲಂಕಾರದ ಪಟ್ಟಿ. ಹುಸೇನ್ ಅವರ ‘ಗ್ರಾಮ ಯಾತ್ರೆ’ಯಲ್ಲಿ ನಿಸರ್ಗ ಬಿಡಿಬಿಡಿ ಚೌಕಗಳಾಗಿ ಒಡೆದಿದೆ: ಸುಮಾರು 14 ಅಡಿ ಅಗಲದ ಕ್ಯಾನ್ವಾಸಿನಲ್ಲಿ ಹಳ್ಳಿಯ ಬದುಕಿನ 13 ದೃಶ್ಯಗಳು. ಒಂದು ಚೌಕದ ರೈತನ ತೋಳು ಪಕ್ಕದ ಚೌಕದ ಭೂಮಿಯನ್ನು ಆನಿಸಿ ಹಿಡಿದಿರುವುದನ್ನು ಗಮನಿಸಿದರೆ, ಮನುಷ್ಯನಿಗೂ ನೆಲಕ್ಕೂ ಇರುವ ನಂಟನ್ನು ಅವರು ಬಣ್ಣದಿಂದಷ್ಟೇ ಹೇಳದೆ ರಚನೆಯಿಂದಲೂ ಹೇಳಿದ್ದಾರೆ ಎಂಬುದು ತಿಳಿಯುತ್ತದೆ. ಈ ಚಿತ್ರ ದಶಕಗಳ ಕಾಲ ನಾರ್ವೆಯ ಓಸ್ಲೋದ ಆಸ್ಪತ್ರೆಯೊಂದರಲ್ಲಿ ಇತ್ತು.

ನಮ್ಮವರೇ ಆದ ಕೆ.ಕೆ. ಹೆಬ್ಬಾರ್ ಈ ಪಂಕ್ತಿಯಲ್ಲಿ ಬರುತ್ತಾರೆ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತ ಅವರ ಮೇಲೆ ಫ್ರಾನ್ಸಿನ ಚಿತ್ರಕಾರ ಪಾಲ್ ಗೋಗೆನ್ ಮತ್ತು ಅಮೃತಾ ಶೇರ್‌ಗಿಲ್ ಇಬ್ಬರ ಪ್ರಭಾವವೂ ಇತ್ತು. 1940ರ ದಶಕದಲ್ಲಿ ಅವರು ಕೇರಳದ ಬದುಕನ್ನು ಕುರಿತು ಬರೆದ ಚಿತ್ರಗಳಲ್ಲಿ ಅದು ಸ್ಪಷ್ಟ. ಆದರೆ ಕರಾವಳಿಯ ಹೆಬ್ಬಾರರ ಆಕೃತಿಗಳಿಗೆ ಚಲನೆ ಹೆಚ್ಚು. ಶೇರ್‌ಗಿಲ್ ಅವರ ಜನ ಕುಳಿತಲ್ಲಿ ಕುಳಿತಿದ್ದರೆ, ಹೆಬ್ಬಾರರ ಜನ ಎದ್ದು ನಡೆಯಬಲ್ಲರು.

ಮಲೆನಾಡಿನ ಗೋಡೆಯ ಮೇಲೆ

ಕಲಾಶಾಲೆಗೆ ಹೋಗದವರೂ ಇದೇ ತತ್ತ್ವಕ್ಕೆ ಬೇರೆ ದಾರಿಯಿಂದ ಬಂದಿದ್ದಾರೆ. ಸಾಗರ, ಸೊರಬ ಸುತ್ತಿನ ದೀವರ ಸಮುದಾಯದ ಹೆಂಗಸರು ಮದುವೆ ಮನೆಯಲ್ಲಿ ಬರೆಯುವ ಹಸೆ ಚಿತ್ತಾರದಲ್ಲಿ, ಕೆಮ್ಮಣ್ಣು ಬಳಿದ ಗೋಡೆಯೇ ನೆಲ. ಅಕ್ಕಿಯನ್ನು ಅರೆದ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಮತ್ತು ಪುಂಡಿ ನಾರಿನ ಕುಂಚ, ಇಷ್ಟೇ ಸಾಮಗ್ರಿ. ವಧೂವರರು ಅಲ್ಲಿ ಕೆಲವೇ ಗೆರೆ, ತ್ರಿಕೋನಗಳಲ್ಲಿ ಮುಗಿಯುತ್ತಾರೆ. ಇವರು ವಧೂವರರೆಂದು ತಿಳಿಯಲು ಮುಖ ಬೇಕಾಗುವುದಿಲ್ಲ, ಕುಳಿತ ದಂಡಿಗೆಯೇ ಸಾಕು. ಉತ್ತರ ಕನ್ನಡದ ಮತ್ತು ಗೋವೆಯ ಕೆಲವು ಹಳೆಯ ದೇವಸ್ಥಾನಗಳ ಗೋಡೆಗಳಲ್ಲಿ ಕಾಣುವ ಕಾವಿ ಕಲೆಯ ಕ್ರಮ ಮತ್ತೊಂದು: ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಕೊಟ್ಟು, ಬೇಡವಾದ ಕಡೆ ಕೆರೆದು ತೆಗೆದು, ಬಿಳಿ ಮತ್ತು ಕೆಂಪು ಎರಡರಲ್ಲಿಯೇ ದೇವರನ್ನೂ ಬಳ್ಳಿಯನ್ನೂ ಮೂಡಿಸುತ್ತಾರೆ. ಇವೆರಡೂ ನಿಸರ್ಗಚಿತ್ರಗಳಲ್ಲ, ಬಣ್ಣ ಕಡಿಮೆಯಾದಾಗ ಆಕೃತಿ ಹೇಗೆ ತಾನಾಗಿ ಸರಳವಾಗುತ್ತದೆ ಎಂಬುದಕ್ಕೆ ಮಾತ್ರ ಸಾಕ್ಷಿ.

ಬರೆಯಲು ತೊಡಗುವವರಿಗೆ

ಕೈಯಾರೆ ಮಾಡಿ ನೋಡಬಯಸುವವರು ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ, ರಾ ಅಂಬರ್, ಕಪ್ಪು, ಬಿಳಿ ಎಂಬ ಐದು ಟ್ಯೂಬುಗಳಿಂದ ತೊಡಗಬಹುದು. ಒಳ್ಳೆಯ ಬಣ್ಣದ ಟ್ಯೂಬುಗಳ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಂಕೇತ ಇರುತ್ತದೆ: ಪಿವೈ 43 ಎಂದರೆ ನೆಲದಿಂದ ತೆಗೆದ ಹಳದಿ ಮಣ್ಣು, ಪಿಆರ್ 102 ಎಂದರೆ ನೆಲದ ಕೆಂಪು, ಪಿಆರ್ 101 ಎಂದರೆ ಕಾರ್ಖಾನೆಯಲ್ಲಿ ಮಾಡಿದ ಕಬ್ಬಿಣದ ಕೆಂಪು. ಕಾರ್ಖಾನೆಯದ್ದು ಕಳಪೆಯೇನಲ್ಲ, ಸಾಮಾನ್ಯವಾಗಿ ಇನ್ನೂ ಪ್ರಬಲ; ಬಿಳಿಯೊಡನೆ ಬೆರೆಸುವಾಗ ಚಿಟಿಕೆಯಷ್ಟೇ ಸಾಕಾಗುತ್ತದೆ ಎಂಬುದನ್ನು ತಿಳಿದಿರಬೇಕು.

ಬಿಳಿ ಕ್ಯಾನ್ವಾಸಿಗೆ ಮೊದಲು ತೆಳುವಾದ ಸಿಯೆನ್ನಾವನ್ನು ಬಳಿದುಬಿಟ್ಟರೆ ಅರ್ಧ ಕೆಲಸ ಆದಂತೆ, ಏಕೆಂದರೆ ಮುಂದೆ ಹಚ್ಚುವ ಬಣ್ಣಗಳ ಸಂದುಗಳಲ್ಲಿ ಅದೇ ಕೆಂಪು ಇಣುಕಿ ಎಲ್ಲವನ್ನೂ ಒಂದುಗೂಡಿಸುತ್ತದೆ. ಬಳಿಕ ಗಾಢತೆಯನ್ನು ಮೂರು ಭಾಗ ಮಾಡಿಕೊಳ್ಳುವುದು ರೂಢಿ. ಬಯಲಿನಲ್ಲಿ ಆಕಾಶ ಎಲ್ಲಕ್ಕಿಂತ ತಿಳಿ. ಮೇಲಿನ ಬೆಳಕನ್ನು ನೇರವಾಗಿ ಪಡೆಯುವ ನೆಲ ಅದಕ್ಕಿಂತ ಗಾಢ. ನೆಟ್ಟಗೆ ನಿಂತ ಮರ, ಮನುಷ್ಯರಿಗೆ ಮೇಲಿನ ಬೆಳಕು ತಾಗುವುದು ಕಡಿಮೆಯಾದ್ದರಿಂದ ಅವು ಇನ್ನೂ ಗಾಢ. ಬಿಳಿ ಬಟ್ಟೆ ತೊಟ್ಟವರು ಈ ನಿಯಮಕ್ಕೆ ಅಪವಾದ, ಅವರನ್ನು ಜೋಪಾನವಾಗಿ, ಒಬ್ಬಿಬ್ಬರನ್ನಷ್ಟೇ ಇಡಬೇಕು. ಆಕೃತಿಯನ್ನು ತಲೆಯಿಂದ ಶುರುಮಾಡದೆ, ಹೆಗಲಿನಿಂದ ಮಂಡಿಯವರೆಗಿನ ಒಂದೇ ಮುದ್ದೆಯಾಗಿ ಹಚ್ಚಿ, ತಲೆಯನ್ನು ನಾವು ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿ ಕೂರಿಸುವುದು ಒಳ್ಳೆಯದು. ನಿಂತ ಮನುಷ್ಯನ ಎತ್ತರದಲ್ಲಿ ತಲೆ ಏಳರಲ್ಲಿ ಒಂದು ಪಾಲು ಇದ್ದರೆ ಹೆಚ್ಚು. ಪಾದಗಳನ್ನು ಬಿಡಿಸದೆ ಕಾಲಿನ ಬಣ್ಣವನ್ನು ಕೆಳಗಿನ ನೆರಳಿನೊಳಕ್ಕೆ ಎಳೆದುಬಿಟ್ಟರೆ ಮನುಷ್ಯ ನೆಲಕ್ಕೆ ಅಂಟಿಕೊಳ್ಳುತ್ತಾನೆ. ಎಲ್ಲ ಅಂಚುಗಳನ್ನೂ ಚೂಪಾಗಿ ಇಡುವ ಅಗತ್ಯವಿಲ್ಲ: ಗಾಢ ಮೈ ಗಾಢ ನೆರಳನ್ನು ಸೇರುವಲ್ಲಿ ಅಂಚು ಕರಗಿದರೆ ಕರಗಲಿ, ಅದೇ ಮೈ ತಿಳಿಯಾದ ಆಕಾಶಕ್ಕೆ ತಾಗುವಲ್ಲಿ ಮಾತ್ರ ರೇಖೆ ಖಚಿತವಾಗಿರಲಿ.

ಪರದೆಯ ಮೇಲೆ ನೋಡುವಾಗ

ಮಣ್ಣಿನ ಬಣ್ಣದ ಚಿತ್ರಗಳಿಗೆ ಮೊಬೈಲ್ ಪರದೆ ಅಷ್ಟಾಗಿ ಒಗ್ಗುವುದಿಲ್ಲ. ಬಹಳಷ್ಟು ಫೋನುಗಳು ಬಣ್ಣವನ್ನು ಇದ್ದದ್ದಕ್ಕಿಂತ ಕಡುಮಾಡಿ ತೋರಿಸುತ್ತವೆ. ಆಗ ಹಳದಿ ಮಣ್ಣು ಕಿತ್ತಳೆಯಾಗುತ್ತದೆ, ಹತ್ತಿರಹತ್ತಿರದ ಎರಡು ಕಂದುಗಳ ನಡುವಿನ ಅಂತರ ಅಳಿಸಿಹೋಗುತ್ತದೆ. ಚಿತ್ರ ನಿಂತಿರುವುದೇ ಆ ಅಂತರದ ಮೇಲೆ. ಒಂದು ಉಪಾಯವಿದೆ. ಫೋನಿನಲ್ಲಿಯೇ ಚಿತ್ರವನ್ನು ಕಪ್ಪುಬಿಳುಪಿಗೆ ಬದಲಿಸಿ ನೋಡಿದರೆ, ಗಾಢತೆಯ ಮೂರು ಭಾಗಗಳು ಎಲ್ಲೆಲ್ಲಿ ಹಂಚಿಹೋಗಿವೆ ಎಂಬುದು ತಿಳಿಯುತ್ತದೆ. ಆಮೇಲೆ ಬಣ್ಣದ ಚಿತ್ರಕ್ಕೆ ಮರಳಿದರೆ ಆಕೃತಿಗಳು ಮೊದಲಿಗಿಂತ ಸುಲಭವಾಗಿ ಬಿಡಿಸಿಕೊಳ್ಳುತ್ತವೆ. ಮೂಲಚಿತ್ರಗಳನ್ನೇ ನೋಡಬೇಕೆನ್ನುವವರಿಗೆ, ಶೇರ್‌ಗಿಲ್ ಅವರ ಕೃತಿಗಳ ದೊಡ್ಡ ಸಂಗ್ರಹ ಇರುವುದು ದೆಹಲಿಯ ಜೈಪುರ ಹೌಸಿನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ. ಅದರ ಬೆಂಗಳೂರು ಶಾಖೆ 2009ರಿಂದ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಶನ್‌ನಲ್ಲಿದೆ. ಪ್ರದರ್ಶನಗಳು ಆಗಾಗ ಬದಲಾಗುವುದರಿಂದ, ಹೋಗುವ ಮೊದಲು ಯಾರ ಚಿತ್ರಗಳು ಗೋಡೆಯ ಮೇಲಿವೆ ಎಂದು ವಿಚಾರಿಸಿಕೊಳ್ಳುವುದು ಮೇಲು.